ವಿಮಾನ ಎಂಜಿನಿಯರಿಂಗ್ ಓದಿದವರ ಕೆಲಸದ ಹುಡುಕಾಟ: ಎರಡು ಬಾಗಿಲು, ತೊಂಬತ್ತು ದಿನ

ಈ ಪಾಠ ಯಾರಿಗೆ?

ಅಮೆರಿಕದಲ್ಲಿ ಎಫ್-1 ವೀಸಾದ ಮೇಲೆ ಏರೋಸ್ಪೇಸ್, ಮೆಕ್ಯಾನಿಕಲ್, ಮೆಟೀರಿಯಲ್ಸ್ ಅಥವಾ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಎಂ.ಎಸ್. ಮುಗಿಸಿ, ಓಪಿಟಿ ಪರವಾನಗಿಯ ಮೇಲೆ ವಿಮಾನ ಕ್ಷೇತ್ರದಲ್ಲಿ ಕೆಲಸ ಹುಡುಕುತ್ತಿರುವವರಿಗೆ. ಕೋರ್ಸ್ ಮುಗಿಯೋಕೆ ಇನ್ನೂ ಒಂದು ಸೆಮಿಸ್ಟರ್ ಇರುವವರಿಗೆ ಇದು ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಾನು ಓದಿದ್ದು ಬಿ.ಕಾಂ., ಮಾಡೋದು ಲೆಕ್ಕಪತ್ರದ ಕೆಲಸ. ರೆಕ್ಕೆಯ ವಿನ್ಯಾಸ ನಿಮಗೆ ಗೊತ್ತು, ನನಗಲ್ಲ. ಆದರೆ ಈ ಹುಡುಕಾಟದಲ್ಲಿ ಬಹಳ ಜನ ಕಷ್ಟಕ್ಕೆ ಸಿಕ್ಕೋದು ಎಂಜಿನಿಯರಿಂಗ್ ಬರದೆ ಅಲ್ಲ, ದಿನದ ಲೆಕ್ಕ ತಪ್ಪಿ. ನಿಮ್ಮ ಹತ್ತಿರ ಇರೋದು 90 ದಿನ. ಅದರಲ್ಲಿ ಅರ್ಧ ದಿನಗಳನ್ನು ಕಾನೂನೇ ಮುಚ್ಚಿರುವ ಕೆಲಸಗಳಿಗೆ ಅರ್ಜಿ ಹಾಕುತ್ತಾ ಕಳೆದರೆ, ತೆರೆದಿರುವ ಕೆಲಸಗಳಿಗೆ ದಿನವೇ ಉಳಿಯೋದಿಲ್ಲ. ಹಾಗಾಗಿ ಈ ಪಾಠದ ಸಾರ ಇಷ್ಟೇ: ಮೊದಲು ವಿಂಗಡಿಸಿ, ಆಮೇಲೆ ಅರ್ಜಿ ಹಾಕಿ.

1. ಎರಡು ಬಾಗಿಲು ಬೇರೆ ಬೇರೆ

ಐಟಿ ಕ್ಷೇತ್ರದ ಗೆಳೆಯರಿಗೆ ಒಂದೇ ಬಾಗಿಲು: ಕೆಲಸ ಮಾಡೋ ಪರವಾನಗಿ. ಇಎಡಿ ಕಾರ್ಡ್ ಕೈಯಲ್ಲಿದ್ದರೆ ಆ ಬಾಗಿಲು ತೆರೆದ ಹಾಗೆ. ವಿಮಾನ ಕ್ಷೇತ್ರದಲ್ಲಿ ಇನ್ನೊಂದು ಬಾಗಿಲು ಇದೆ. ಅದು ರಫ್ತು ನಿಯಂತ್ರಣ ಕಾನೂನು.

ರಫ್ತು ಅಂದ ತಕ್ಷಣ ಹಡಗು, ಕಂಟೇನರ್ ಕಣ್ಣ ಮುಂದೆ ಬರುತ್ತದೆ. ಆದರೆ ಅಮೆರಿಕದ ಕಾನೂನಿನ ಪ್ರಕಾರ, ನಿಯಂತ್ರಿತ ತಾಂತ್ರಿಕ ಮಾಹಿತಿಯನ್ನು ಅಮೆರಿಕದೊಳಗೇ ಇರುವ ವಿದೇಶಿ ಪ್ರಜೆಗೆ ತೋರಿಸಿದರೂ ಅದು ಅವನ ದೇಶಕ್ಕೆ ರಫ್ತು ಮಾಡಿದ ಹಾಗೆಯೇ ಲೆಕ್ಕ. ಒಂದು ಡ್ರಾಯಿಂಗ್ ಅನ್ನು ಪಕ್ಕದ ಮೇಜಿನವರಿಗೆ ಕೊಟ್ಟರೂ ರಫ್ತು. ಇದರಲ್ಲಿ ಎರಡು ನಿಯಮಾವಳಿಗಳಿವೆ.

ಮೊದಲನೆಯದು ಐಟಾರ್. ಇದು ವಿದೇಶಾಂಗ ಇಲಾಖೆಯದ್ದು; ಯುದ್ಧ ವಿಮಾನ, ಕ್ಷಿಪಣಿ, ಮಿಲಿಟರಿ ಎಂಜಿನ್, ಹಲವು ಬಾಹ್ಯಾಕಾಶ ಕೆಲಸಗಳು ಇದರ ಕೆಳಗೆ ಬರುತ್ತವೆ. ಐಟಾರ್ ಮಾಹಿತಿಯನ್ನು ಲೈಸೆನ್ಸ್ ಇಲ್ಲದೆ ನೋಡಬಹುದಾದವರು 'ಯು.ಎಸ್. ಪರ್ಸನ್' ಮಾತ್ರ. ಅಂದರೆ ಅಮೆರಿಕದ ಪ್ರಜೆಗಳು, ಗ್ರೀನ್ ಕಾರ್ಡ್ ಇರುವವರು, ನಿರಾಶ್ರಿತರು, ಆಶ್ರಯ ಪಡೆದವರು. ಎಫ್-1, ಓಪಿಟಿ, ಎಚ್-1ಬಿ ಯಾವುದೂ ಈ ಪಟ್ಟಿಯಲ್ಲಿ ಇಲ್ಲ. ಕಂಪನಿ ಬೇಕಾದರೆ ನಿಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಆದರೆ ಈಗಷ್ಟೇ ಓದು ಮುಗಿಸಿ ಬಂದವರಿಗಾಗಿ ತಿಂಗಳುಗಟ್ಟಲೆ ಕಾಯೋ ಕಂಪನಿ ಅಪರೂಪ.

ಎರಡನೆಯದು ಇಎಆರ್. ಇದು ವಾಣಿಜ್ಯ ಇಲಾಖೆಯದ್ದು. ಪ್ರಯಾಣಿಕರ ವಿಮಾನಗಳ ಭಾಗಗಳು ಮತ್ತು ಅವುಗಳ ತಂತ್ರಜ್ಞಾನ ಬಹುಪಾಲು ಇದರ ಕೆಳಗೆ ಬರುತ್ತದೆ. ಇದರಲ್ಲಿ ದೊಡ್ಡ ಪಾಲು ಕೆಳಹಂತದ ನಿಯಂತ್ರಣದ್ದು. ಅದಕ್ಕೆ ಭಾರತೀಯ ಪ್ರಜೆಗಳಿಗೆ ಲೈಸೆನ್ಸ್ ಬೇಕಾಗೋದಿಲ್ಲ. ಆದರೆ 'ನಾಗರಿಕ ವಿಮಾನ ಅಂದರೆ ಎಲ್ಲವೂ ಮುಕ್ತ' ಅಂತ ತಿಳೀಬೇಡಿ. ಜೆಟ್ ಎಂಜಿನ್‌ನ ಬಿಸಿ ಭಾಗದ ಟರ್ಬೈನ್ ಬ್ಲೇಡ್ ತಂಪಾಗಿಸುವ ತಂತ್ರಜ್ಞಾನ, ಎಂಜಿನ್ನಿನ ಪೂರ್ಣ ಡಿಜಿಟಲ್ ನಿಯಂತ್ರಣ ವ್ಯವಸ್ಥೆ ಇಂಥವು ನಾಗರಿಕ ವಿಮಾನದ್ದಾದರೂ ಬಿಗಿ ಹಿಡಿತದಲ್ಲಿವೆ.

ಇವೆರಡರ ಮೇಲೆ ಸೆಕ್ಯುರಿಟಿ ಕ್ಲಿಯರೆನ್ಸ್ ಅನ್ನೋದು ಇನ್ನೊಂದು. ಅದು ಅಮೆರಿಕದ ಪ್ರಜೆಗಳಿಗೆ ಮಾತ್ರ, ಗ್ರೀನ್ ಕಾರ್ಡ್ ಇದ್ದರೂ ಸಿಗಲ್ಲ. ನಾಸಾದ ಕಾಯಂ ಸರ್ಕಾರಿ ಹುದ್ದೆಗಳಿಗೂ ಪೌರತ್ವ ಬೇಕು.

ಇದರಿಂದ ತಿಳಿಯಬೇಕಾದ್ದು: 'ನಮ್ಮಲ್ಲಿ ನಿಮಗೆ ಅವಕಾಶವಿಲ್ಲ' ಅಂತ ಐಟಾರ್ ಕಾರಣಕ್ಕೆ ಬರೋ ಉತ್ತರ ನಿಮ್ಮ ಅಂಕಪಟ್ಟಿಯ ಮೇಲಿನ ತೀರ್ಪಲ್ಲ. ಅದಕ್ಕೆ ಬೇಜಾರು ಮಾಡ್ಕೊಂಡು ಒಂದು ವಾರ ಕೂತರೆ ಖರ್ಚಾಗೋದು ನಿಮ್ಮ ಏಳು ದಿನ.

2. ಜಾಹೀರಾತು ಓದೋ ರೀತಿ

ಕೆಲಸದ ಜಾಹೀರಾತನ್ನು ಮೇಲಿನಿಂದಲ್ಲ, ಕೆಳಗಿನಿಂದ ಓದೋ ಅಭ್ಯಾಸ ಮಾಡ್ಕೊಳ್ಳಿ. ಮೇಲೆ ಸಾಫ್ಟ್‌ವೇರ್ ಹೆಸರು, ಅನುಭವದ ವರ್ಷ ಎಲ್ಲ ಇರುತ್ತದೆ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಅನ್ನೋದು ಕೊನೆಯ ಸಣ್ಣ ಅಕ್ಷರದಲ್ಲಿರುತ್ತದೆ. ಓದಿದ ಮೇಲೆ ಮೂರು ಗುಂಪು ಮಾಡಿ.

ಮುಚ್ಚಿದ್ದು: 'ಯು.ಎಸ್. ಸಿಟಿಜನ್‌ಶಿಪ್ ರಿಕ್ವೈರ್ಡ್', 'ಯು.ಎಸ್. ಪರ್ಸನ್', 'ಕ್ಲಿಯರೆನ್ಸ್ ಪಡೆಯಲು ಅರ್ಹರಿರಬೇಕು', 'ಐಟಾರ್' ಅಂತ ಸ್ಪಷ್ಟವಾಗಿ ಬರೆದಿರೋದು. ಇದಕ್ಕೆ ಅರ್ಜಿ ಹಾಕಬೇಡಿ.

ತೆರೆದದ್ದು: ಇವು ಯಾವುದೂ ಇಲ್ಲ, ವಿಮಾನಯಾನ ಸಂಸ್ಥೆಯದ್ದೋ ನಾಗರಿಕ ವಿಮಾನದ್ದೋ ಕೆಲಸ ಅಂತ ಗೊತ್ತಾಗುತ್ತದೆ. ಇದಕ್ಕೆ ಅದೇ ದಿನ ಅರ್ಜಿ ಹಾಕಿ.

ಕೇಳಬೇಕಾದ್ದು: ಒಂದೇ ಕಂಪನಿಯಲ್ಲಿ ಮಿಲಿಟರಿ ವಿಭಾಗವೂ ನಾಗರಿಕ ವಿಭಾಗವೂ ಇರುತ್ತದೆ. ಬೋಯಿಂಗ್, ಜಿಇ ಏರೋಸ್ಪೇಸ್, ಹನಿವೆಲ್, ಕಾಲಿನ್ಸ್ ಎಲ್ಲವೂ ಹಾಗೇ. ಕಂಪನಿಯ ಹೆಸರು ನೋಡಿ ಕೈಬಿಡಬೇಡಿ, ಹೆಸರು ನೋಡಿ ಆಸೆಯನ್ನೂ ಇಟ್ಕೋಬೇಡಿ. ರಿಕ್ರೂಟರ್‌ಗೆ ಎರಡು ಸಾಲು ಬರೆದು ಕೇಳಿ: 'ಈ ಹುದ್ದೆಗೆ ಯು.ಎಸ್. ಪರ್ಸನ್ ಆಗಿರಬೇಕೇ? ನಾನು ಭಾರತದ ಪ್ರಜೆ, ಎಫ್-1 ಓಪಿಟಿ ಮೇಲೆ ಇದ್ದೇನೆ.' ಒಂದು ವಾರದಲ್ಲಿ ಉತ್ತರ ಬರದಿದ್ದರೆ ಮುಂದೆ ಹೋಗಿ.

3. ಎಲ್ಲಿ ಹುಡುಕಬೇಕು?

ಎಲ್ಲರೂ ಮೊದಲು ಅರ್ಜಿ ಹಾಕೋದು ರಾಕೆಟ್ ಮತ್ತು ಯುದ್ಧ ವಿಮಾನದ ಕಂಪನಿಗಳಿಗೆ. ಅಲ್ಲೇ ಎರಡನೇ ಬಾಗಿಲು ಗಟ್ಟಿಯಾಗಿ ಮುಚ್ಚಿರೋದು. ನಾಗರಿಕ ವಿಮಾನದ ಕೆಲಸ ಬೇರೆ ಊರುಗಳಲ್ಲಿದೆ.

ವಿಮಾನಯಾನ ಸಂಸ್ಥೆಗಳ ಎಂಜಿನಿಯರಿಂಗ್ ವಿಭಾಗ: ವಿಮಾನ ಕೊಂಡ ಮೇಲೆ ಇಪ್ಪತ್ತು ಮೂವತ್ತು ವರ್ಷ ಅದನ್ನು ಹಾರುವ ಸ್ಥಿತಿಯಲ್ಲಿ ಇಡೋದು ದೊಡ್ಡ ಎಂಜಿನಿಯರಿಂಗ್ ಕೆಲಸ. ರಿಪೇರಿ ವಿನ್ಯಾಸ, ಬಿಡಿಭಾಗ ಎಷ್ಟು ದಿನ ಬಾಳುತ್ತದೆ ಅನ್ನೋ ವಿಶ್ಲೇಷಣೆ, ನಿರ್ವಹಣಾ ಯೋಜನೆ ಎಲ್ಲ ಇದರಲ್ಲಿದೆ. ಅಟ್ಲಾಂಟಾದಲ್ಲಿ ಡೆಲ್ಟಾದ ಟೆಕ್‌ಆಪ್ಸ್, ಟಲ್ಸಾದಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ನಿರ್ವಹಣಾ ಕೇಂದ್ರ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯುನೈಟೆಡ್‌ನ ಕೇಂದ್ರ ದೊಡ್ಡವು. ಇವಲ್ಲದೆ ಸ್ವತಂತ್ರ ರಿಪೇರಿ ಸಂಸ್ಥೆಗಳೂ ಇವೆ.

ಸಣ್ಣ ವಿಮಾನ ಮತ್ತು ಬಿಸಿನೆಸ್ ಜೆಟ್ ತಯಾರಕರು: ಕಾನ್ಸಾಸ್ ರಾಜ್ಯದ ವಿಚಿಟಾ ಇದಕ್ಕೆ ಹೆಸರುವಾಸಿ, ಸೆಸ್ನಾ, ಬೀಚ್‌ಕ್ರಾಫ್ಟ್ ವಿಮಾನ ಮಾಡೋ ಟೆಕ್ಸ್‌ಟ್ರಾನ್ ಏವಿಯೇಷನ್ ಅಲ್ಲಿದೆ. ಜಾರ್ಜಿಯಾದ ಸವಾನಾದಲ್ಲಿ ಗಲ್ಫ್‌ಸ್ಟ್ರೀಮ್, ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋದಲ್ಲಿ ಹೋಂಡಾ ಏರ್‌ಕ್ರಾಫ್ಟ್, ಮಿನೆಸೋಟಾದ ಡುಲುತ್‌ನಲ್ಲಿ ಸಿರಸ್, ಫ್ಲೋರಿಡಾದ ಮೆಲ್ಬರ್ನ್‌ನಲ್ಲಿ ಎಂಬ್ರೇರ್, ಅಲಬಾಮಾದ ಮೊಬೀಲ್‌ನಲ್ಲಿ ಏರ್‌ಬಸ್‌ನ ಜೋಡಣಾ ಘಟಕ ಇದೆ.

ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಗಳು: ವಿಚಿಟಾ ಸ್ಟೇಟ್ ವಿಶ್ವವಿದ್ಯಾಲಯದ ವಿಮಾನಯಾನ ಸಂಶೋಧನಾ ಸಂಸ್ಥೆ ಒಂದು ಉದಾಹರಣೆ. ಇಲ್ಲೂ ಕೆಲವು ಪ್ರಾಜೆಕ್ಟ್ ಮಿಲಿಟರಿಯದ್ದಿರುತ್ತದೆ, ಕೇಳಬೇಕು. ಆದರೆ ಇವುಗಳಿಂದ ಸಿಗೋ ಒಂದು ದೊಡ್ಡ ಲಾಭ ಆರನೇ ಭಾಗದಲ್ಲಿ ಬರುತ್ತದೆ.

ಆಸನ, ಒಳಾಂಗಣ, ಗಾಲಿ, ಬ್ರೇಕ್, ಫಾಸ್ಟನರ್ ಮಾಡೋ ಪೂರೈಕೆದಾರರು: ಹೆಸರು ಯಾರಿಗೂ ಗೊತ್ತಿರಲ್ಲ, ಅರ್ಜಿ ಹಾಕೋರೂ ಕಡಿಮೆ. ಗುಣಮಟ್ಟ ಎಂಜಿನಿಯರ್, ತಯಾರಿಕಾ ಎಂಜಿನಿಯರ್ ಹುದ್ದೆಗಳು ಇಲ್ಲಿ ಸಿಗುತ್ತವೆ. ಎಎಸ್9100 ಗುಣಮಟ್ಟ ವ್ಯವಸ್ಥೆ ಗೊತ್ತಿದ್ದರೆ ಅನುಕೂಲ.

ಹೆಸರು ಕೊಟ್ಟ ಮಾತ್ರಕ್ಕೆ ಅಲ್ಲಿ ಕೆಲಸ ಖಾತ್ರಿ ಅಂತಲ್ಲ. ಹುಡುಕೋ ದಿಕ್ಕು ತೋರಿಸಿದ್ದು ಅಷ್ಟೇ.

ರೆಸ್ಯೂಮೆ ಕೂಡ ನಾಗರಿಕ ವಿಮಾನದ ಭಾಷೆ ಮಾತಾಡಲಿ. ದೊಡ್ಡ ಪ್ರಯಾಣಿಕ ವಿಮಾನಕ್ಕೆ ಎಫ್‌ಎಎಯ ಪಾರ್ಟ್ 25, ಸಣ್ಣದಕ್ಕೆ ಪಾರ್ಟ್ 23, ರಿಪೇರಿ ಸಂಸ್ಥೆಗೆ ಪಾರ್ಟ್ 145. ವಿಮಾನದ ಸಾಫ್ಟ್‌ವೇರ್‌ಗೆ ಡಿಒ-178ಸಿ, ಹಾರ್ಡ್‌ವೇರ್‌ಗೆ ಡಿಒ-254. ನಿಮ್ಮ ಥೀಸಿಸ್ ಇವುಗಳಲ್ಲಿ ಯಾವುದಕ್ಕೆ ಹತ್ತಿರವೋ ಅದನ್ನು ಒಂದು ಸಾಲಿನಲ್ಲಿ ಹೇಳಿ. ಬೆಂಗಳೂರಿನಲ್ಲಿ ಎಚ್‌ಎಎಲ್ ಅಥವಾ ಡಿಆರ್‌ಡಿಒ ಪ್ರಾಜೆಕ್ಟಿನಲ್ಲಿ ಕೆಲಸ ಮಾಡಿದ್ದರೆ ಬಳಸಿದ ಕೌಶಲ ಬರೆಯಿರಿ, ಪ್ರಾಜೆಕ್ಟಿನ ಒಳವಿವರ ಬೇಡ. ಅಲ್ಲಿನ ಗೋಪ್ಯತೆಯ ಕರಾರು ಇಲ್ಲಿಗೆ ಬಂದರೂ ನಿಮ್ಮ ಬೆನ್ನಿಗಿರುತ್ತದೆ.

ಒಂದು ಎಚ್ಚರಿಕೆ. ಕೆಲಸ ಸಿಗದಾಗ 'ಎ ಆಂಡ್ ಪಿ ಮೆಕ್ಯಾನಿಕ್ ಸರ್ಟಿಫಿಕೇಟ್ ಮಾಡ್ಕೋ' ಅಂತ ಸಲಹೆ ಬರುತ್ತದೆ. ಆ ಸರ್ಟಿಫಿಕೇಟಿಗೆ ಪೌರತ್ವ ಬೇಕಿಲ್ಲ ಅನ್ನೋದು ನಿಜ, ಎಂಜಿನಿಯರ್‌ಗೆ ಅದೊಂದು ಒಳ್ಳೆ ಅರ್ಹತೆಯೂ ಹೌದು. ಆದರೆ ಓಪಿಟಿ ಕೆಲಸ ನಿಮ್ಮ ಡಿಗ್ರಿಗೆ ನೇರವಾಗಿ ಸಂಬಂಧಿಸಿರಬೇಕು, ಎಚ್-1ಬಿ ಕೆಲಸಕ್ಕೆ ಡಿಗ್ರಿ ಅಗತ್ಯ ಇರಬೇಕು. ಮೆಕ್ಯಾನಿಕ್ ಹುದ್ದೆ ಈ ಎರಡು ಕಡೆಯೂ ತೊಡಕಾಗಬಹುದು. ಸೇರುವ ಮುಂಚೆ ಕಾಲೇಜಿನ ಡಿಎಸ್‌ಒ, ಅಂದರೆ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಅಧಿಕಾರಿಯನ್ನು ಕೇಳಿ.

4. ದಿನಗಳ ಖಾತೆ

ಮೊದಲು ಅರ್ಜಿಯ ದಿನಾಂಕಗಳು. ಐ-765 ಅರ್ಜಿಯನ್ನು ಕೋರ್ಸ್ ಮುಗಿಯುವ 90 ದಿನ ಮುಂಚಿನಿಂದ, ಮುಗಿದ 60 ದಿನದವರೆಗೆ ಹಾಕಬಹುದು. ಡಿಎಸ್‌ಒ ಶಿಫಾರಸು ಮಾಡಿದ 30 ದಿನದೊಳಗೂ ಹಾಕಿರಬೇಕು. ಕೋರ್ಸ್ 2026ರ ಮೇ 9ಕ್ಕೆ ಮುಗಿದರೆ, ಫೆಬ್ರವರಿ 8ರಿಂದ ಜುಲೈ 8ರವರೆಗೆ ಅವಕಾಶ. ಕೊನೆಯ ದಿನಕ್ಕೆ ಕಾಯಬೇಡಿ.

ಓಪಿಟಿ ಶುರುವಾಗೋ ದಿನಾಂಕ ಆರಿಸೋರು ನೀವೇ. ಕೋರ್ಸ್ ಮುಗಿದ 60 ದಿನದೊಳಗೆ ಯಾವ ದಿನವಾದರೂ ಆಗಬಹುದು. ಕೆಲಸ ಸಿಕ್ಕಿದ್ದರೆ ಸೇರುವ ದಿನಕ್ಕೆ ಹೊಂದಿಸಿ. ಸಿಕ್ಕಿಲ್ಲದಿದ್ದರೆ ತಡವಾದ ದಿನಾಂಕ ಆರಿಸೋದು ಲಾಭ, ಏಕೆಂದರೆ ನಿರುದ್ಯೋಗದ ದಿನ ಎಣಿಸೋದು ಕಾರ್ಡಿನಲ್ಲಿರುವ ಆ ದಿನಾಂಕದಿಂದ.

12 ತಿಂಗಳ ಓಪಿಟಿಯಲ್ಲಿ ಕೆಲಸವಿಲ್ಲದೆ ಇರಬಹುದಾದ್ದು ಒಟ್ಟು 90 ದಿನ. ಶನಿವಾರ, ಭಾನುವಾರ, ಹಬ್ಬ ಎಲ್ಲವೂ ಸೇರಿ. ಸ್ಟೆಮ್ ವಿಸ್ತರಣೆ ಸಿಕ್ಕರೆ ಇನ್ನೂ 24 ತಿಂಗಳು ಕೆಲಸ ಮಾಡಬಹುದು, ನಿರುದ್ಯೋಗದ ಖಾತೆಗೆ 60 ದಿನ ಜಮಾ ಆಗುತ್ತದೆ. ಕಿರಾಣಿ ಅಂಗಡಿ ಪುಸ್ತಕದ ಹಾಗೆ ಬರೆದಿಡಿ:

ಆರಂಭ ಶಿಲ್ಕು: 90 ದಿನ.
ಜುಲೈ 1ಕ್ಕೆ ಓಪಿಟಿ ಶುರು, ಆಗಸ್ಟ್ 11ಕ್ಕೆ ಕೆಲಸಕ್ಕೆ ಸೇರಿದ್ದು. ಖರ್ಚು 41. ಬಾಕಿ 49.
ಫೆಬ್ರವರಿಯಲ್ಲಿ ಕೆಲಸ ಹೋಯಿತು, 20 ದಿನ ಬಿಟ್ಟು ಇನ್ನೊಂದು ಸಿಕ್ಕಿತು. ಖರ್ಚು 20. ಬಾಕಿ 29.
ಸ್ಟೆಮ್ ವಿಸ್ತರಣೆ ಶುರುವಾಯಿತು. ಜಮಾ 60. ಬಾಕಿ 89.

ಹೊಸ ಕೆಲಸ ಸಿಕ್ಕಿತು ಅಂತ ಹಳೆ ಖರ್ಚು ಅಳಿಸಿ ಹೋಗೋದಿಲ್ಲ. ಕೆಲಸವಿಲ್ಲದಾಗ ಊರಿಗೆ ಹೋಗಿ ಬಂದರೆ ಆ ದಿನಗಳೂ ಖರ್ಚೇ. ಕೆಲಸದಲ್ಲಿದ್ದು ಮಂಜೂರಾದ ರಜೆಯಲ್ಲಿ ಹೋದರೆ ಖರ್ಚಿಲ್ಲ.

ಕೆಲಸ ಅಂತ ಲೆಕ್ಕಕ್ಕೆ ಬರಲು ವಾರಕ್ಕೆ ಕನಿಷ್ಠ 20 ಗಂಟೆ ಇರಬೇಕು. ಮೊದಲ 12 ತಿಂಗಳಲ್ಲಿ ಸಂಬಳವಿಲ್ಲದ ಕೆಲಸವೂ ನಡೆಯುತ್ತದೆ. ಆದರೆ ಅದು ಡಿಗ್ರಿಗೆ ಸಂಬಂಧಿಸಿರಬೇಕು, ಕಾರ್ಮಿಕ ಕಾನೂನಿಗೆ ವಿರುದ್ಧವಾಗಿರಬಾರದು. ನಿಮ್ಮ ಪ್ರೊಫೆಸರ್‌ರ ಲ್ಯಾಬಿನಲ್ಲಿ ವಾರಕ್ಕೆ 20 ಗಂಟೆ ಸ್ವಯಂಸೇವೆಗೆ ಒಪ್ಪಿಗೆ ಸಿಗುತ್ತದೋ ಅಂತ 90ನೇ ದಿನದಂದಲ್ಲ, 30ನೇ ದಿನದಂದೇ ಕೇಳಿ. ಪತ್ರ ಇಟ್ಕೊಳ್ಳಿ, ಗಂಟೆ ಬರೆದಿಡಿ. ಕೆಲಸ ಸೇರಿದ್ದು, ಬಿಟ್ಟದ್ದು, ಮನೆ ವಿಳಾಸ ಬದಲಾದದ್ದು ಎಲ್ಲವನ್ನೂ 10 ದಿನದೊಳಗೆ ತಿಳಿಸಬೇಕು. ಕೆಲಸ ಮಾಡ್ತಾ ಇದ್ದೂ ಪೋರ್ಟಲ್‌ನಲ್ಲಿ ತುಂಬದಿದ್ದರೆ ಸರ್ಕಾರದ ದಾಖಲೆಯಲ್ಲಿ ನೀವು ನಿರುದ್ಯೋಗಿ.

5. ಅರ್ಜಿಯಲ್ಲಿ ಬರೋ ಮೂರು ಪ್ರಶ್ನೆ, ಕಂಪನಿಗೆ ನೀವು ಕೇಳೋ ಎರಡು ಪ್ರಶ್ನೆ

'ಅಮೆರಿಕದಲ್ಲಿ ಕೆಲಸ ಮಾಡಲು ಕಾನೂನುಬದ್ಧ ಅನುಮತಿ ಇದೆಯೇ?' ಇಎಡಿ ಇದ್ದು ಅದರ ದಿನಾಂಕ ಶುರುವಾಗಿದ್ದರೆ ಉತ್ತರ: ಹೌದು.

'ಈಗ ಅಥವಾ ಮುಂದೆ ಸ್ಪಾನ್ಸರ್‌ಶಿಪ್ ಬೇಕಾಗುತ್ತದೆಯೇ?' ಮುಂದೆ ಎಚ್-1ಬಿ ಬೇಕಾಗುತ್ತದೆ ಅನ್ನೋದಾದರೆ ಉತ್ತರ: ಹೌದು. 'ಇಲ್ಲ ಅಂತ ಹಾಕು, ಆಮೇಲೆ ನೋಡ್ಕೊಳ್ಳೋಣ' ಅನ್ನೋ ಸಲಹೆ ಕೇಳಬೇಡಿ. ಸೇರಿದ ಮೇಲೆ ಸುಳ್ಳು ಹೊರಬಿದ್ದರೆ ಅದೇ ಕಾರಣಕ್ಕೆ ತೆಗೆಯಬಹುದು. ಆಗ ದಿನದ ಖಾತೆ ಮತ್ತೆ ಓಡೋಕೆ ಶುರು. ಬದಲಿಗೆ ಜಾಗವಿದ್ದ ಕಡೆ ಒಂದು ಸಾಲು ಸೇರಿಸಿ: ಸ್ಟೆಮ್ ವಿಸ್ತರಣೆ ಸೇರಿ ಸುಮಾರು ಮೂರು ವರ್ಷ ಎಚ್-1ಬಿ ಇಲ್ಲದೆಯೇ ಕೆಲಸ ಮಾಡಬಹುದು. ಎಷ್ಟೋ ಸಣ್ಣ ಕಂಪನಿಗಳ ಎಚ್‌ಆರ್‌ಗೆ ಇದು ಗೊತ್ತಿರೋದಿಲ್ಲ.

'ನೀವು ಯು.ಎಸ್. ಪರ್ಸನ್ ಹೌದೇ?' ಉತ್ತರ: ಅಲ್ಲ. ಮೊದಲ ಪ್ರಶ್ನೆಗೆ ಹೌದು, ಇದಕ್ಕೆ ಅಲ್ಲ ಅನ್ನೋದರಲ್ಲಿ ವಿರೋಧವಿಲ್ಲ. ಎರಡು ಬಾಗಿಲು ಬೇರೆ ಬೇರೆ ಅಂದದ್ದು ಇದಕ್ಕೇ.

ಈಗ ನಿಮ್ಮ ಸರದಿ. ಆಫರ್ ಬಂದಾಗ ಖುಷಿಯಲ್ಲಿ ಸಹಿ ಹಾಕೋ ಮುಂಚೆ ಕೇಳಿ: ಕಂಪನಿ ಇ-ವೆರಿಫೈನಲ್ಲಿ ನೋಂದಾಯಿಸಿದೆಯೇ? ಐ-983 ತರಬೇತಿ ಯೋಜನೆಗೆ ಸಹಿ ಹಾಕುತ್ತದೆಯೇ? ಮೊದಲ ವರ್ಷಕ್ಕೆ ಇವು ಬೇಡ, ಆದರೆ ಇವಿಲ್ಲದೆ ಸ್ಟೆಮ್ ವಿಸ್ತರಣೆ ಆಗಲ್ಲ. ಆ ವಿಸ್ತರಣೆಯಲ್ಲಿ ಸಂಬಳವಿಲ್ಲದ ಕೆಲಸ ನಡೆಯೋದಿಲ್ಲ ಅನ್ನೋದೂ ನೆನಪಿರಲಿ. ಅರ್ಜಿಯನ್ನು ಓಪಿಟಿ ಮುಗಿಯುವ 90 ದಿನ ಮುಂಚಿನಿಂದ ಹಾಕಬಹುದು, ಮುಗಿಯೋ ಮೊದಲು ಹಾಕಲೇಬೇಕು. ಸಮಯಕ್ಕೆ ಹಾಕಿದರೆ, ಉತ್ತರ ಬರುವವರೆಗೆ 180 ದಿನದ ತನಕ ಕೆಲಸ ಮುಂದುವರಿಸಬಹುದು.

ಕಂಪನಿ ಹೇಳಿದ್ದನ್ನು ನೀವೇ ತಾಳೆ ನೋಡಬಹುದು. ಇ-ವೆರಿಫೈ ಕಂಪನಿಗಳ ಪಟ್ಟಿ ಸಾರ್ವಜನಿಕ. ಕಾರ್ಮಿಕ ಇಲಾಖೆ ಎಚ್-1ಬಿಗಾಗಿ ಬಂದ ಎಲ್‌ಸಿಎ ಅರ್ಜಿಗಳ ದತ್ತಾಂಶವನ್ನು ಎಕ್ಸೆಲ್ ಹಾಳೆಗಳಲ್ಲಿ ಪ್ರಕಟಿಸುತ್ತದೆ. ಕಂಪನಿ, ಊರು, ಹುದ್ದೆ, ಸಂಬಳ ಎಲ್ಲ ಅದರಲ್ಲಿದೆ. ಏರೋಸ್ಪೇಸ್ ಎಂಜಿನಿಯರ್ ಹುದ್ದೆಯ ಸಂಕೇತ 17-2011, ಮೆಕ್ಯಾನಿಕಲ್‌ದು 17-2141. ಈ ಸಂಕೇತ ಹಾಕಿ ಫಿಲ್ಟರ್ ಮಾಡಿದರೆ, ವಿದೇಶಿ ಎಂಜಿನಿಯರ್‌ಗಳಿಗೆ ಅರ್ಜಿ ಹಾಕಿರುವ ಕಂಪನಿಗಳ ಪಟ್ಟಿ ನಿಮ್ಮ ಕೈಯಲ್ಲಿ. ಒಂದು ಭಾನುವಾರ ಕೂತು ಇದನ್ನು ಮಾಡಿ. ಕಣ್ಣು ಮುಚ್ಚಿ ನೂರು ಅರ್ಜಿ ಹಾಕೋದಕ್ಕಿಂತ ಈ ಪಟ್ಟಿಯಿಂದ ಮೂವತ್ತು ಹಾಕೋದು ಮೇಲು.

6. ಎಚ್-1ಬಿ: ಈಗಲೇ ತಿಳಿದಿರಬೇಕಾದಷ್ಟು

ವರ್ಷಕ್ಕೆ 65,000, ಅಮೆರಿಕದಲ್ಲಿ ಮಾಸ್ಟರ್ಸ್ ಮಾಡಿದವರಿಗೆ ಇನ್ನೂ 20,000. ಮಾರ್ಚ್‌ನಲ್ಲಿ ನೋಂದಣಿ, ಆಯ್ಕೆಯಾದರೆ ಅಕ್ಟೋಬರ್ 1ರಿಂದ ಕೆಲಸ. ಓಪಿಟಿ 2026ರ ಜುಲೈ 1ಕ್ಕೆ ಶುರುವಾಗಿ ಸ್ಟೆಮ್ ಸೇರಿ 2029ರ ಜೂನ್ ಕೊನೆಯವರೆಗೆ ಇದ್ದರೆ, 2027, 2028, 2029ರ ಮೂರು ಮಾರ್ಚ್ ನಿಮಗೆ ಸಿಗುತ್ತದೆ. ಮೊದಲ ಮಾರ್ಚ್‌ನಲ್ಲೇ ಕಂಪನಿ ನೋಂದಾಯಿಸುತ್ತದೋ, ಒಂದು ವರ್ಷ ನೋಡಿ ಮಾಡುತ್ತದೋ ಅಂತ ಸೇರುವಾಗಲೇ ಕೇಳಿ. ಒಂದು ಮಾರ್ಚ್ ಹೋದರೆ ಮೂರರಲ್ಲಿ ಒಂದು ಅವಕಾಶ ಹೋದ ಹಾಗೆ.

2025ರ ಸೆಪ್ಟೆಂಬರ್‌ನಲ್ಲಿ ಬಂದ 1,00,000 ಡಾಲರ್ ಶುಲ್ಕದ ಆದೇಶದಿಂದ ಬಹಳ ಕಂಪನಿಗಳು ಗಾಬರಿಯಾದವು. ಅಮೆರಿಕದೊಳಗಿದ್ದೇ ಎಫ್-1ರಿಂದ ಎಚ್-1ಬಿಗೆ ಸ್ಥಿತಿ ಬದಲಾಯಿಸಿಕೊಳ್ಳೋರಿಗೆ ಅದು ಅನ್ವಯಿಸೋದಿಲ್ಲ ಅಂತ ವಲಸೆ ಇಲಾಖೆ ಅದೇ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿತು. ಸಂದರ್ಶನದಲ್ಲಿ ಈ ಮಾತು ಬಂದರೆ ವಿನಯವಾಗಿ ತಿಳಿಸಿ. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಹಾಗಾಗಿ ಆಯಾ ಕಾಲಕ್ಕೆ ಡಿಎಸ್‌ಒ ಅಥವಾ ವಲಸೆ ವಕೀಲರ ಹತ್ತಿರ ಖಚಿತಪಡಿಸಿಕೊಳ್ಳಿ.

ವಿಶ್ವವಿದ್ಯಾಲಯ ಮತ್ತು ಅದಕ್ಕೆ ಸೇರಿದ ಸಂಶೋಧನಾ ಸಂಸ್ಥೆಗಳಿಗೆ ಈ ಮಿತಿಯೂ ಇಲ್ಲ, ಲಾಟರಿಯೂ ಇಲ್ಲ. ಸಂಬಳ ಸ್ವಲ್ಪ ಕಡಿಮೆಯಾದರೂ ಲಾಟರಿಯ ತಲೆಬಿಸಿ ಇಲ್ಲ ಅನ್ನೋದನ್ನು ಲೆಕ್ಕಕ್ಕೆ ತಗೊಳ್ಳಿ.

ಇನ್ನೊಂದು ವಿಷಯ: ಎಚ್-1ಬಿಯ ಐ-129 ಅರ್ಜಿಯಲ್ಲಿ, ನಿಮಗೆ ತೋರಿಸೋ ತಂತ್ರಜ್ಞಾನಕ್ಕೆ ರಫ್ತು ಲೈಸೆನ್ಸ್ ಬೇಕೋ ಬೇಡವೋ ಅಂತ ಕಂಪನಿ ಪ್ರಮಾಣೀಕರಿಸಬೇಕು. ಅಂದರೆ ಎರಡನೇ ಬಾಗಿಲು ಅಲ್ಲಿ ಮತ್ತೆ ಎದುರಾಗುತ್ತದೆ. ಮೊದಲೇ ಸರಿಯಾದ ವಿಭಾಗಕ್ಕೆ ಸೇರಿದ್ದರೆ ಅಲ್ಲಿ ತೊಂದರೆ ಇರಲ್ಲ.

7. ಸಾಲದ ಒತ್ತಡ ಮತ್ತು ನಕಲಿ ಕೆಲಸ

ಊರಲ್ಲಿ 40 ಲಕ್ಷ ರೂಪಾಯಿ ಶಿಕ್ಷಣ ಸಾಲ, ಶೇ 11 ಬಡ್ಡಿ, 10 ವರ್ಷ ಅಂದ್ಕೊಳ್ಳಿ. ತಿಂಗಳ ಕಂತು ಸುಮಾರು 55,100 ರೂಪಾಯಿ. ಮನೆಪತ್ರ ಅಡ ಇಟ್ಟಿರುತ್ತದೆ, ಅಪ್ಪ ಜಾಮೀನು ಹಾಕಿರುತ್ತಾರೆ. 70ನೇ ದಿನ ಬಂದಾಗ ಯಾರೋ ಫೋನ್ ಮಾಡ್ತಾರೆ: 'ನಮ್ಮ ಕನ್ಸಲ್ಟೆನ್ಸಿಯ ಆಫರ್ ಲೆಟರ್ ಕೊಡ್ತೀವಿ, ಪೋರ್ಟಲ್‌ನಲ್ಲಿ ಹಾಕ್ಕೊಳ್ಳಿ, ಕೌಂಟ್ ನಿಲ್ಲುತ್ತೆ. ಇಷ್ಟು ದುಡ್ಡು ಕೊಡಿ.' ಆ ಹೊತ್ತಲ್ಲಿ ಒಪ್ಪಿಬಿಡೋಣ ಅನ್ನಿಸೋದು ಸಹಜ. ಒಪ್ಪಬೇಡಿ.

2020ರ ಅಕ್ಟೋಬರ್‌ನಲ್ಲಿ ಅಮೆರಿಕದ ವಲಸೆ ಜಾರಿ ಇಲಾಖೆ, ಇಲ್ಲದ ಕಂಪನಿಗಳಲ್ಲಿ ಕೆಲಸ ಮಾಡುತ್ತಿದ್ದೇವೆ ಅಂತ ತೋರಿಸಿದ 15 ವಿದ್ಯಾರ್ಥಿಗಳನ್ನು ಬಂಧಿಸಿತು. ದಿನ ಮುಗಿದು ವಾಪಸ್ ಹೋದವರು ಮುಂದೆ ಮತ್ತೆ ವೀಸಾ ಕೇಳಬಹುದು. ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದವರಿಗೆ ಆ ದಾರಿ ಕಾಯಂ ಮುಚ್ಚಬಹುದು. ಮೊದಲನೆಯದು ನಷ್ಟ, ಎರಡನೆಯದು ದಿವಾಳಿ. ಕೆಲಸ ಕೊಡಲು ನಿಮ್ಮಿಂದ ದುಡ್ಡು ಕೇಳುವ, ರೆಸ್ಯೂಮೆಯಲ್ಲಿ ಇಲ್ಲದ ಅನುಭವ ಸೇರಿಸಲು ಹೇಳುವ, ಮೂಲ ಸರ್ಟಿಫಿಕೇಟ್ ಇಟ್ಟುಕೊಳ್ಳುವ ಯಾರನ್ನೂ ನಂಬಬೇಡಿ.

ಒತ್ತಡ ಕಡಿಮೆ ಮಾಡೋಕೆ ಎರಡು ಕೆಲಸ ಈಗಲೇ ಮಾಡಿ. ಸಾಲದ ಮಂಜೂರಾತಿ ಪತ್ರ ತೆಗೆದು ಕಂತು ಯಾವ ತಿಂಗಳಿಂದ ಶುರು ಅಂತ ನೋಡಿ. ಕೆಲಸ ತಡವಾಗೋ ಹಾಗಿದ್ದರೆ ಆ ತಿಂಗಳಿಗೆ ಮುಂಚೆಯೇ ಬ್ಯಾಂಕಿಗೆ ಬರೆದು ಕೇಳಿ. ಕಂತು ತಪ್ಪಿದ ಮೇಲೆ ಕೇಳೋದಕ್ಕೂ ಮುಂಚೆ ಕೇಳೋದಕ್ಕೂ ಬಹಳ ವ್ಯತ್ಯಾಸ. ಎರಡನೆಯದು, ಮನೆಯವರಿಗೆ ನಿಜ ಹೇಳಿ. 'ಎಲ್ಲಾ ಚೆನ್ನಾಗಿದೆ' ಅಂತ ಹೇಳ್ತಾ ಒಬ್ಬರೇ ಹೊತ್ತುಕೊಂಡವರೇ ನಕಲಿ ಪತ್ರಕ್ಕೆ ಬೇಗ ಬಲಿಯಾಗೋದು.

8. ಮೊದಲ ಸಂಬಳದ ಚೀಟಿ

ಕೆಲಸ ಸಿಕ್ಕಿತು, ಸಂಬಳ ಬಂತು. ಚೀಟಿಯಲ್ಲಿ ಸೋಷಿಯಲ್ ಸೆಕ್ಯುರಿಟಿ ಶೇ 6.2, ಮೆಡಿಕೇರ್ ಶೇ 1.45 ಕಡಿತ ಇದೆಯಾ ನೋಡಿ. ಎಫ್-1ರಲ್ಲಿ ಮೊದಲ ಐದು ಕ್ಯಾಲೆಂಡರ್ ವರ್ಷ ತೆರಿಗೆ ಲೆಕ್ಕದಲ್ಲಿ ನೀವು ಅನಿವಾಸಿ. ಓಪಿಟಿ ಸಂಬಳಕ್ಕೆ ಈ ಎರಡೂ ಬೀಳಬಾರದು. 70,000 ಡಾಲರ್ ಸಂಬಳಕ್ಕೆ ಇದು ವರ್ಷಕ್ಕೆ 5,355 ಡಾಲರ್. ತಪ್ಪಾಗಿ ಕಡಿದಿದ್ದರೆ ಮೊದಲು ಕಂಪನಿಯ ಪೇರೋಲ್ ವಿಭಾಗಕ್ಕೆ ಬರೆಯಿರಿ. ಅವರು ವಾಪಸ್ ಕೊಡದಿದ್ದರೆ ಫಾರ್ಮ್ 843 ಮತ್ತು 8316 ಮೂಲಕ ಐಆರ್‌ಎಸ್‌ಗೆ ಅರ್ಜಿ ಹಾಕಬಹುದು.

ಐದು ವರ್ಷ ಎಣಿಸುವಾಗ ಎಚ್ಚರ: 2023ರ ಆಗಸ್ಟ್‌ನಲ್ಲಿ ಮೊದಲ ಬಾರಿ ಬಂದಿದ್ದರೆ 2023 ಪೂರ್ತಿ ಒಂದು ವರ್ಷ. 2027ಕ್ಕೆ ಐದು ಮುಗಿಯುತ್ತದೆ. ರಿಟರ್ನ್ 1040-ಎನ್‌ಆರ್, ಜೊತೆಗೆ ಫಾರ್ಮ್ 8843. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದ ಭಾರತೀಯ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ, ಬೇರೆ ಹೆಚ್ಚಿನ ಅನಿವಾಸಿಗಳಿಗೆ ಅದು ಇಲ್ಲ. ಸಾಮಾನ್ಯ ತೆರಿಗೆ ಸಾಫ್ಟ್‌ವೇರ್ ನಿಮ್ಮನ್ನು ನಿವಾಸಿ ಅಂದುಕೊಂಡು 1040 ತುಂಬಿಸಿಬಿಡುತ್ತದೆ. ಅನಿವಾಸಿಗಳಿಗಾಗಿಯೇ ಇರುವುದನ್ನು ಬಳಸಿ.

9. ಬೆಂಗಳೂರು ಅನ್ನೋ ಮೂರನೇ ಬಾಗಿಲು

ಖಾತೆಯಲ್ಲಿ 20 ದಿನ ಉಳಿದಾಗ ಊರಿನ ಕಡೆಯೂ ಅರ್ಜಿ ಹಾಕಲು ಶುರು ಮಾಡಿ. ಇದು ಸೋತವರ ದಾರಿ ಅಲ್ಲ. ದೇವನಹಳ್ಳಿ ಹತ್ತಿರದ ಬೋಯಿಂಗ್ ಕ್ಯಾಂಪಸ್ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಏರ್‌ಬಸ್, ಕಾಲಿನ್ಸ್, ಹನಿವೆಲ್, ಜಿಇಯ ವೆಲ್ಚ್ ಕೇಂದ್ರ ಬೆಂಗಳೂರಿನಲ್ಲಿವೆ. ಬೆಳಗಾವಿಯಲ್ಲಿ ಏಕಸ್ ವಿಮಾನದ ಬಿಡಿಭಾಗ ತಯಾರಿಸುತ್ತದೆ. ಇಲ್ಲಿ ಕೈಗೆ ಸಿಗದ ಕಂಪನಿಯ ನಾಗರಿಕ ವಿಮಾನದ ಕೆಲಸ ಅಲ್ಲಿ ಸಿಗಬಹುದು. ಎಚ್‌ಎಎಲ್, ಎನ್‌ಎಎಲ್‌ನಲ್ಲಂತೂ ಪ್ರಜೆ ಅನ್ನೋ ಬಾಗಿಲು ನಿಮ್ಮ ಪಾಲಿಗೆ ತೆರೆದೇ ಇದೆ. ಅಲ್ಲಿ ಗಳಿಸಿದ ಅನುಭವ ಮುಂದೆ ಬೇರೆ ದೇಶಕ್ಕೆ ಹೋಗುವಾಗಲೂ ಜೊತೆಗಿರುತ್ತದೆ.

ಅಭ್ಯಾಸ

ಈ ವಾರ ಮಾಡಬೇಕಾದ್ದು:

1. ಇಎಡಿಯಲ್ಲಿರುವ ಶುರು ದಿನಾಂಕ ಬರೆದು, ದಿನಗಳ ಖಾತೆ ತೆರೆಯಿರಿ. ಇವತ್ತಿನ ಬಾಕಿ ಎಷ್ಟು?
2. ಉಳಿಸಿಟ್ಟಿರುವ ಜಾಹೀರಾತುಗಳನ್ನು ಮುಚ್ಚಿದ್ದು, ತೆರೆದದ್ದು, ಕೇಳಬೇಕಾದ್ದು ಅಂತ ವಿಂಗಡಿಸಿ. ಮುಚ್ಚಿದ್ದನ್ನು ಅಳಿಸಿ.
3. 17-2011 ಸಂಕೇತದಿಂದ 30 ಕಂಪನಿಗಳ ಪಟ್ಟಿ ಮಾಡಿ, ಇ-ವೆರಿಫೈನಲ್ಲಿ ಇವೆಯೇ ನೋಡಿ.
4. ಎಂತಹ ಸ್ವಯಂಸೇವೆಗೆ ಒಪ್ಪಿಗೆ ಇದೆ ಅಂತ ಡಿಎಸ್‌ಒಗೆ ಇಮೇಲ್ ಬರೆಯಿರಿ.
5. ಸಾಲದ ಕಂತು ಶುರುವಾಗೋ ತಿಂಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ, ಮನೆಗೆ ಫೋನ್ ಮಾಡಿ.

ಜೊತೆಯಲ್ಲಿ ಹುಡುಕುತ್ತಿರುವ ಗೆಳೆಯರಿದ್ದರೆ ಮೂರನೇ ಅಭ್ಯಾಸ ಹಂಚಿಕೊಂಡು ಮಾಡಿ. ನಾಲ್ಕು ಜನ ಸೇರಿದರೆ 120 ಕಂಪನಿಗಳ ಪಟ್ಟಿ ಒಂದೇ ಸಂಜೆಯಲ್ಲಿ ಸಿದ್ಧ. ಮಾರನೇ ದಿನದಿಂದ ಅರ್ಜಿ.